ದಡ ಹತ್ತಿದ ಬೋಟು

ಆಗಲೇ ಸಾಲಾಗಿ ಜೋಡಿಸಿದ್ದ ಕುರ್ಚಿಗಳನ್ನು ಮಗಳು ಮತ್ತೆ ಗೋಡೆಯ ಕಡೆಗೆ ಎಳೆಯುತ್ತಿದ್ದಳು.

"ಒಂದು ಕಡೆ ಕೂತ್ಕೊಳ್ಳೇ ತಾಯಿ," ಎಂದರು ಸೋದರತ್ತೆ. "ನಿನ್ನ ನೋಡಿ ನಂಗೇ ತಲೆ ಸುತ್ತುತ್ತೆ."

ಕೂರಲು ಅವಳಿಂದಾಗಲಿಲ್ಲ. ಒಳಗೆ ಅಪ್ಪನ ದೇಹ, ಹೊರಗೆ ಇನ್ನೂ ಬಾರದ ವ್ಯಾನು. ನಿನ್ನೆ ಅವರ ಉಸಿರು ನಿಂತಾಗ ಅವಳು ನಡುನದಿಯಲ್ಲಿದ್ದಳು, ಬೋಟಿನ ತುಂಬ ಜನರನ್ನು ಆಚೆ ದಡಕ್ಕೆ ಸಾಗಿಸುತ್ತಿದ್ದಳು.

"ಅತ್ತೆ, ಕೊನೇಲಿ ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ?"

"ಕಿಟಕಿ ತೆಗಿ ಅಂದ. ಅಷ್ಟೇ ಕಣೇ."

ಅವಳು ಹೋಗಿ ಕಿಟಕಿ ಮುಚ್ಚಿದಳು, ಮತ್ತೆ ತೆಗೆದಳು. ಅಷ್ಟು ಓದಿಸಿದ ಮಗಳು ಬೋಟಿನ ಚುಕ್ಕಾಣಿ ಹಿಡಿದಾಗ ಅಪ್ಪ ಬೈದಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ಬೋಟನ್ನು ಅವರು ಒಂದು ದಿನವೂ ಹತ್ತಲಿಲ್ಲ. ತನ್ನ ಕೆಲಸ ಅವರ ಕಣ್ಣಿಗೆ ಒಮ್ಮೆಯಾದರೂ ಬಿದ್ದಿತ್ತೇ? ಬೆಳಗಿನಿಂದ ಅವಳನ್ನು ಕಿತ್ತು ತಿನ್ನುತ್ತಿದ್ದುದು ಇದೊಂದೇ.

*

ಅಪ್ಪನ ಕೆಲಸ ರೇಡಾರ್ ಚಿತ್ರಗಳದು. ವಿಮಾನ ಹಾರುತ್ತ ನೆಲದತ್ತ ಅಲೆಗಳನ್ನು ಕಳಿಸಿ, ಮರಳಿ ಬಂದ ಪ್ರತಿಧ್ವನಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊದಲಿಗೆ ಅದು ಬರೀ ಗೋಜಲು. ಲೆಕ್ಕ ಹಾಕಿ ಹಾಕಿ ಅದರಿಂದ ಸ್ಫುಟವಾದ ಚಿತ್ರ ತೆಗೆಯುವುದರಲ್ಲೇ ಅವರ ತಲೆ ನೆರೆಯಿತು.

"ನಿಮ್ಮ ಚಿತ್ರದಲ್ಲಿ ನನ್ನ ಬೋಟು ಕಾಣುತ್ತಾ ಅಪ್ಪ?" ಒಮ್ಮೆ ಊಟದ ಹೊತ್ತಿನಲ್ಲಿ ಅವಳು ಕೇಳಿದ್ದಳು.

"ಓಡಾಡೋ ವಸ್ತು ಇದ್ದ ಜಾಗದಲ್ಲಿ ಕಾಣಲ್ಲಮ್ಮ. ಪಕ್ಕಕ್ಕೆ ಜರುಗಿ ಕಲಸಿಕೊಂಡಿರುತ್ತೆ. ನಿನ್ನ ಬೋಟು ಯಾವಾಗ್ಲೂ ದಡ ಹತ್ತಿ ಕೂತಿರುತ್ತೆ, ನೋಡು!"

ಅಪ್ಪ ತಮ್ಮ ಮಾತಿಗೆ ತಾವೇ ನಕ್ಕಿದ್ದರು. ಅವಳಿಗೆ ಮೈಯೆಲ್ಲ ಉರಿದು, ಅರ್ಧ ಊಟಕ್ಕೇ ಎದ್ದಿದ್ದಳು.

*

ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಹೆಂಗಸು ಬಂದು ಕಣ್ಣೊರೆಸಿಕೊಂಡರು. ಅವಳನ್ನು ಮಾತಿಗೆಳೆದರು.

"ಅವರು ತಪ್ಪು ಮಾಡಿದ್ದನ್ನ ನಾನು ನೋಡಿದ್ದು ಒಂದೇ ಸಲ. ಈ ನದಿಯದೇ ಚಿತ್ರ. ಅಲುಗಾಡದ ವಸ್ತು ಒಂದನ್ನ ಹಿಡ್ಕೊಂಡು, ಅದು ಸ್ಪಷ್ಟವಾಗೋ ಹಾಗೆ ಲೆಕ್ಕ ತಿದ್ದುತ್ತೀವಿ. ಆಗ ಮಿಕ್ಕಿದ್ದೂ ಸರಿಹೋಗುತ್ತೆ. ಇವರು ಹಿಡ್ಕೊಂಡಿದ್ದು ಓಡ್ತಿರೋ ಬೋಟನ್ನ! ಊರಿಗೂರೇ ಕಲಸಿಹೋಯ್ತು. ನಿನ್ನೆ ಮೊನ್ನೆ ಸೇರಿದವರೂ ಹಾಗೆ ಮಾಡಲ್ಲ. ಸಾಹೇಬ್ರು ಅಳಿಸಿಬಿಡಿ ಅಂದ್ರು. ಇವರು ಮಾತ್ರ ನನ್ನ ಹತ್ರ ಬಂದು, 'ನೀವೊಂದು ಪ್ರತಿ ಇಟ್ಕೊಂಡಿರಿ' ಅಂದ್ರು. ಯಾಕೋ ಏನೋ."

"ಈಗ್ಲೂ ಇದೆಯಾ?"

ಅವರು ಫೋನಿನಲ್ಲಿ ಹುಡುಕಿ ಕೊಟ್ಟರು. ಅಷ್ಟರಲ್ಲಿ ವ್ಯಾನು ಬಂತು. ಅತ್ತೆ ಕರೆದರು, ಮತ್ತೆ ಕರೆದರು. ಮಗಳು ನಿಂತಲ್ಲಿಂದ ಕದಲಲಿಲ್ಲ.

ಬೀದಿಗಳು, ಸೇತುವೆ, ಅಪ್ಪನ ಕಚೇರಿ, ಈ ಮನೆ, ಎಲ್ಲವೂ ಬೂದುಬಣ್ಣದಲ್ಲಿ ಕಲಸಿಹೋಗಿದ್ದವು. ನಡುವೆ ಒಂದೇ ಒಂದು ಬೋಟು ಸ್ಫುಟವಾಗಿತ್ತು: ಹಿಂಬದಿಯ ಏಣಿ, ಅಂಚಿನ ಕಂಬಿಗಳ ಸಾಲು, ನೆಟ್ಟಗೆ ಮಾಡಿಸಬೇಕೆಂದು ಅವಳು ಮುಂದೂಡುತ್ತಲೇ ಬಂದಿದ್ದ ಆ ವಾಲಿದ ಕಂಬ. ಬೋಟು ನೀರಿನಲ್ಲಿರಲಿಲ್ಲ. ದಡ ಹತ್ತಿ ಕೂತಿತ್ತು.