ಚಳಿಯಾಗಿತ್ತಾ?

ಸ್ಕ್ಯಾನಿಂಗ್ ವಿಭಾಗದವನು ಫೋನಿನಲ್ಲಿ ಹೇಳಿದ್ದು ಎರಡೇ ಮಾತು. ಸ್ಕ್ಯಾನಿಂಗ್ ದಿನ ಬೆಳಿಗ್ಗೆ ತಂಗಿ ಏನೂ ತಿನ್ನಬಾರದು, ಅವಳ ಮೈ ತಣ್ಣಗಾಗಬಾರದು. ಚಳಿಯಾದರೆ ಕುತ್ತಿಗೆಯ ಕೊಬ್ಬು ಕೂಡ ಚಿತ್ರದಲ್ಲಿ ಹೊಳೆಯುತ್ತದಂತೆ. ರೋಗವೂ ಹಾಗೇ ಹೊಳೆಯುವುದರಿಂದ ಯಾವುದು ಯಾವುದೆಂದು ಗೊಂದಲವಾಗುತ್ತದಂತೆ.

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಅಕ್ಕತಂಗಿಯರಿಬ್ಬರೇ ನಡೆಸುತ್ತೇವೆ, ಒಗೆಯುವುದು ತಂಗಿಯದು, ಇಸ್ತ್ರಿ ಮತ್ತು ಜಗಳ ನನ್ನದು. ಬೆಚ್ಚಗಿಡುವುದು ಹೇಗೆಂದು ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಅವತ್ತು ಬೆಳಿಗ್ಗೆ ಮನೆಯಲ್ಲಿದ್ದ ಉಣ್ಣೆಯ ಹೊದಿಕೆಗಳಿಗೆಲ್ಲ ಎರಡೂ ಮಗ್ಗುಲಿಗೆ ಇಸ್ತ್ರಿ ಹಾಕಿ, ಬಿಸಿಬಿಸಿಯಾಗಿಯೇ ಸುತ್ತಿ ದಪ್ಪ ಚೀಲಕ್ಕೆ ತುರುಕಿದೆ.

ತಂಗಿಯ ಎದೆಯ ಗಂಟು ಕ್ಯಾನ್ಸರೇ ಎಂದು ಆಗಲೇ ಗೊತ್ತಾಗಿತ್ತು. ಬೇರೆಲ್ಲೂ ಹರಡಿಲ್ಲವೆಂದು ಈ ಸ್ಕ್ಯಾನಿಂಗ್ ಹೇಳಿದರೆ ಮುಂದಿನ ವಾರವೇ ಆಪರೇಷನ್. ದೂರ ಹರಡಿದ್ದರೆ ಆಪರೇಷನ್ ಇಲ್ಲ, ಬರೀ ಔಷಧಿ. ತಂಗಿ ಆಪರೇಷನ್ನನ್ನೇ ನೆಚ್ಚಿಕೊಂಡಿದ್ದಳು.

"ಕುಯ್ದು ಬಿಸಾಕ್ಲಿ ಅಕ್ಕ. ಪೀಡೆ ತೊಲಗ್ಲಿ" ಎಂದು ದಾರಿಯುದ್ದಕ್ಕೂ ಅದೇ ರಾಗ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆ ಕೋಣೆ. ಕಿಟಕಿಯಿಲ್ಲ. ಬಾಗಿಲು ಎಷ್ಟು ದಪ್ಪವೆಂದರೆ, ಮುಚ್ಚಿದರೆ ಒಳಗಿನವರು ಕೂಗಿದರೂ ಹೊರಗೆ ಕೇಳಲಿಕ್ಕಿಲ್ಲ. ಮೇಲಿನಿಂದ ತಣ್ಣನೆಯ ಗಾಳಿ ಸುಯ್ಯೆಂದು ಬೀಳುತ್ತಿತ್ತು. ನಾನು ತಂಗಿಗೆ ಕಾಲುಚೀಲ ಹಾಕಿ, ಹೊದಿಕೆಗಳನ್ನು ಒಂದರ ಮೇಲೊಂದು ಹೊದಿಸಿ, ಅಂಚುಗಳನ್ನು ಗಲ್ಲದ ಕೆಳಗೆ ಸಿಕ್ಕಿಸಿದೆ.

"ಮಲಗಿಸ್ತಿದೀರೋ, ಪಾರ್ಸೆಲ್ ಕಟ್ತಿದೀರೋ?" ಎಂದಳು ನರ್ಸ್.

"ನಿಮ್ಮ ಗಾಳಿ ನಿಲ್ಸಿ, ನಾನೂ ನಿಲ್ಲಿಸ್ತೀನಿ" ಎಂದೆ.

ನರ್ಸ್ ಲೋಹದ ಭಾರಿ ಡಬ್ಬಿಯಲ್ಲಿ ವಿಕಿರಣ ಸೂಸುವ ಇಂಜೆಕ್ಷನ್ ತಂದಳು. ಕೈ ದೂರ ಚಾಚಿ ಚುಚ್ಚಿ, ಸರಸರ ಹಿಂದೆ ಸರಿದಳು. ತಾನು ಅಷ್ಟು ದೂರವಿಡುವ ಔಷಧಿಯನ್ನು ನನ್ನ ತಂಗಿಯ ರಕ್ತಕ್ಕೆ ಬಿಟ್ಟಳಲ್ಲ ಎಂದು ಅವಳನ್ನೇ ದುರುಗುಟ್ಟಿ ನೋಡಿದೆ. ಅದು ಮೈಯೆಲ್ಲ ಹರಡುವ ತನಕ ತಂಗಿ ಅಲುಗದೆ, ಮಾತಾಡದೆ ಮಲಗಬೇಕು. ನನ್ನನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿದರು.

ಸ್ವಲ್ಪ ಹೊತ್ತಿನ ಮೇಲೆ ನರ್ಸ್ ಹೊರಗೆ ಬಂದಳು. "ನಿಮ್ಮ ತಂಗಿ ಬೆವರ್ತಿದಾರೆ. ಒಂದು ಹೊದಿಕೆ ತೆಗೀಲಾ?"

"ಮುಟ್ಟಿದ್ರೆ ನೋಡಿ!" ಎಂದು ಗದರಿದೆ. ಅವಳು ವಾಪಸು ಹೋದಳು.

ಎಲ್ಲ ಮುಗಿದು ಹೊರಬಂದಾಗ ತಂಗಿಯ ಕೂದಲು ಹಣೆಗೆ ಅಂಟಿಕೊಂಡಿತ್ತು. "ಬೇಯಿಸಿಬಿಟ್ಟೆಯಲ್ಲೇ ಅಕ್ಕ ನನ್ನನ್ನ" ಎಂದಳು. ಇಬ್ಬರೂ ನಕ್ಕೆವು. ನನ್ನ ಕೆಲಸ ಅಚ್ಚುಕಟ್ಟಾಗಿ ಆಯಿತೆಂದು ನನಗೆ ಹೆಮ್ಮೆಯೇ ಆಗಿತ್ತು.

ಫಲಿತಾಂಶದ ದಿನ ಡಾಕ್ಟರಮ್ಮ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಕಪ್ಪು ಮೈಯ ಚಿತ್ರ. ಎದೆಯಲ್ಲಿ ಒಂದು ಹೊಳಪು, ಅದು ಗೊತ್ತಿದ್ದದ್ದೇ. ಆದರೆ ಕುತ್ತಿಗೆಯ ಬುಡದಲ್ಲೂ ಸಣ್ಣ ಸಣ್ಣ ಕಿಡಿಗಳಿದ್ದವು.

"ಇದು ಚಳಿಯಿಂದಲೂ ಬರುತ್ತೆ. ತುಂಬ ಜನಕ್ಕೆ ಹೀಗಾಗುತ್ತೆ" ಎಂದರು ಡಾಕ್ಟರಮ್ಮ. "ಹಾಗಿದ್ರೆ ಆಪರೇಷನ್ ದಿನ ಬದಲಾಯಿಸಬೇಕಾಗಿಲ್ಲ. ಇಲ್ಲದಿದ್ರೆ ಮೊದಲು ಕುತ್ತಿಗೆಗೆ ಸೂಜಿ ಹಾಕಿ ಪರೀಕ್ಷೆ ಮಾಡಬೇಕು. ಅವತ್ತು ಚಳಿಯಾಗಿತ್ತಾ?"

"ಹೌದು ಡಾಕ್ಟ್ರೇ" ಎಂದಳು ತಂಗಿ, ಪ್ರಶ್ನೆ ಮುಗಿಯುವ ಮುಂಚೆಯೇ. "ತುಂಬಾ ಚಳಿ. ನಡುಗ್ತಾ ಇದ್ದೆ." ಮೇಜಿನ ಕೆಳಗೆ ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಅಲ್ವಾ ಅಕ್ಕ?"

ಡಾಕ್ಟರಮ್ಮನ ಪೆನ್ನು ಬರೆಯಲು ಸಿದ್ಧವಾಗಿತ್ತು. ಹೂಂ ಎಂದರೆ ಸಾಕಿತ್ತು, ತಂಗಿಗೆ ಬೇಕಾದದ್ದು ಸಿಗುತ್ತಿತ್ತು. ಅವಳ ಎದೆ ಕುಯ್ಯುತ್ತಿದ್ದರು, ಹೊಲಿಯುತ್ತಿದ್ದರು, ಅವಳು ನಗುತ್ತಾ ಮನೆಗೆ ಬರುತ್ತಿದ್ದಳು. ಕುತ್ತಿಗೆಯಲ್ಲಿದ್ದದ್ದು ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ಅವಳಿಗೆ ಚಳಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು! ನರ್ಸ್ ಹೇಳಿದಾಗಲಾದರೂ ಆ ಹೊದಿಕೆ ತೆಗೆಸಿದ್ದರೆ, ಚಳಿಯಾಗಿತ್ತೇನೋ ಎಂದು ಈಗ ನನಗೂ ಅನುಮಾನಪಡಲು ಒಂದಿಷ್ಟು ಜಾಗ ಇರುತ್ತಿತ್ತು. ನಾನೇ ಅದಕ್ಕೆ ಆಸ್ಪದ ಇಟ್ಟಿರಲಿಲ್ಲ.

ಜೋರು ಬಾಯಿಯವಳು ನಾನು. ಅವತ್ತು ಮಾತ್ರ ನನ್ನ ದನಿ ಮೆಲ್ಲಗಿತ್ತು.

"ಇಲ್ಲ ಡಾಕ್ಟ್ರೇ" ಎಂದೆ. "ಬೆವರ್ತಿದ್ದಳು."

ತಂಗಿಯ ಕೈ ನನ್ನ ಕೈಯಿಂದ ಜಾರಿತು. ಅವಳು ನನ್ನ ಕಡೆ ನೋಡಲಿಲ್ಲ. ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕುತ್ತಿಗೆಯನ್ನು ಡಾಕ್ಟರಮ್ಮನ ಕಡೆ ತಿರುಗಿಸಿದಳು.