ಒಲೆಮನೆಯ ಗುಲಾಮ

ಬೆಳಗಾದರೆ ಆ ಬೇಕರಿಯವರ ಮನೆಯಲ್ಲಿ ಮೊದಲು ಕೇಳಿಸುತ್ತಿದ್ದದ್ದು ಮಾವನವರ ಕೆಮ್ಮು, ಆಮೇಲೆ ಅವರ ಅಡಿಕೋಲಿನ ಪೆಟ್ಟು. ಪೆಟ್ಟು ಯಾರಿಗೋ ಎಂದು ಗಾಬರಿಯಾಗಬೇಡಿ, ಗಡಿಯಾರಕ್ಕೆ. ಅವರ ಕೋಣೆಯಲ್ಲೊಂದು ದೊಡ್ಡ ಗಡಿಯಾರವಿತ್ತು. ಒಲೆಮನೆ, ಪ್ಯಾಕಿಂಗ್ ಕೋಣೆ, ಗೇಟು, ಎಲ್ಲ ಕಡೆಯ ಗಡಿಯಾರಗಳನ್ನೂ ತಂತಿಯ ಮೂಲಕ ಅದೇ ನಡೆಸುತ್ತಿತ್ತು. ದೊಡ್ಡದರ ಮೇಲೆ ‘ಯಜಮಾನ’, ಉಳಿದವುಗಳ ಮೇಲೆ ‘ಗುಲಾಮ’ ಎಂದು ಹಿತ್ತಾಳೆ ತಗಡು ಹೊಡೆಸಿದ್ದರು. ಗಡಿಯಾರದ ಕಸುಬಿನಲ್ಲಿ ಅದೇ ರೂಢಿಯಂತೆ.

ಕುಡಿತ ಮನೆ ಕೆಡಿಸುತ್ತದೆ ಎಂದರೆ ಒಪ್ಪುತ್ತೀರಿ, ಒಂದು ಹೆಸರೂ ಕೆಡಿಸುತ್ತದೆ ಎಂದರೆ ನಗುತ್ತೀರಿ. ನಗಿ, ಆದರೆ ಪೂರ್ತಿ ಕೇಳಿ. ಆ ಹೆಸರು ಗೋಡೆಯ ಮೇಲೇ ಕೂರಲಿಲ್ಲ. ಮೆಲ್ಲಗೆ ಇಳಿದು ಕೆಳಗೆ ದುಡಿಯುವವರ ಹೆಗಲೇರಿತು. “ಗುಲಾಮನ ಕಡೆಯವರನ್ನ ಕರೀರಿ” ಎಂದರೆ ಒಲೆಮನೆಯವರು ಓಡಿಬರಬೇಕು. ಒಲೆಮನೆಯ ಹೊಣೆ ಸೊಸೆಯದು, ಆ ಕೆಲಸವೆಂದರೆ ಅವಳಿಗೆ ಪ್ರಾಣ.

ಈಚೆಗೆ ಬ್ರೆಡ್ಡು ಸೀದು ಇಟ್ಟಿಗೆಯಾಗತೊಡಗಿತು. ಗಡಿಯಾರ ಹೇಳುವ ಮುನ್ನ ಒಲೆಯ ಬಾಗಿಲು ತೆಗೆಯಕೂಡದೆಂದು ಮಾವನವರ ಕಟ್ಟಪ್ಪಣೆ.

“ಮಾವ, ದೊಡ್ಡ ಗಡಿಯಾರವೇ ನಿಧಾನ ಓಡ್ತಿದೆ,” ಎಂದಳು ಸೊಸೆ.

“ಯಜಮಾನ ತಪ್ಪೋದುಂಟೇನಮ್ಮ?” ಎಂದು ಅವರು ಒಲೆಮನೆಯ ಗುಲಾಮನಿಗೆ ಎರಡು ಬಿಗಿದರು.

“ಮೊದಲು ಆ ಹೆಸರು ತೆಗೀರಿ. ದೊಡ್ಡದನ್ನ ಮೊದಲ ಗಡಿಯಾರ ಅನ್ನೋಣ, ಮಿಕ್ಕಿದ್ದನ್ನ ಜೊತೆ ಗಡಿಯಾರ ಅನ್ನೋಣ.”

“ಯಾಕೆ, ಗಡಿಯಾರ ಮುನಿಸಿಕೊಂಡು ಊಟ ಬಿಟ್ಟಿದೆಯಾ?”

“ಗಡಿಯಾರಕ್ಕೇನಿಲ್ಲ ಮಾವ, ಅದರ ಕೆಳಗೆ ನಿಂತೋರಿಗೆ ನೋವು. ಗುಲಾಮ ಅಂತ ಹೆಸರಿಟ್ಟ ಮೇಲೆ ತಪ್ಪು ಯಾರದಾದರೂ ಪೆಟ್ಟು ಅದಕ್ಕೇ ಅಲ್ವಾ?”

“ನಮ್ಮಪ್ಪ ಇಟ್ಟ ಹೆಸರದು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಊರಿಂದ ಬಂದ ಕೂಡಲೇ ಒಲೆಮನೆ ಬೀಗದಕೈ ಕೊಟ್ಟುಬಿಡು. ನಿನಗೆ ಅಡುಗೆಮನೆ ಸಾಕು.”

ಸೊಸೆಗೆ ಅಳು ಬಂತು. ಪಕ್ಕದಲ್ಲೇ ಇದ್ದ ಗಂಡನಿಗೆ ಹಿಟ್ಟಿನ ಚೀಲ ಇಳಿಸುವ ಕೆಲಸ ಆಗಲೇ ನೆನಪಾಯಿತು.

ಮಾವನವರು ಹೊರಟಿದ್ದು ಪಕ್ಕದ ಊರಿಗೆ. ಅವರ ಸಮಯಪ್ರಜ್ಞೆಯನ್ನು ಮೆಚ್ಚಿ ಬೇಕರಿ ಸಂಘದವರು ಅಲ್ಲಿ ಪದಕ ಕೊಡುವವರಿದ್ದರು.

“ಹೊತ್ತಾಯ್ತಲ್ವಾ?” ಎಂದರು ಅತ್ತೆ.

“ಯಜಮಾನನ ಮುಖ ನೋಡು. ಇನ್ನೂ ಬೇಕಾದಷ್ಟು ಹೊತ್ತಿದೆ.”

“ಮದುವೆಯಾದಾಗಿಂದ ನೋಡ್ತಾನೇ ಇದೀನಲ್ಲ,” ಎಂದರು ಅತ್ತೆ.

ನಿಲ್ದಾಣ ಮುಟ್ಟಿದಾಗ ರೈಲು ಹೋಗಿಯಾಗಿತ್ತು. ಅಲ್ಲಿನ ಗಡಿಯಾರ ನೋಡಿ, “ಇದ್ಯಾವನೋ ಗುಲಾಮ ಮುಂದೆ ಓಡ್ತಿದಾನೆ!” ಎಂದು ಟಿಕೆಟ್ ಕೊಡುವವನ ಮೇಲೆ ಹಾರಾಡಿದರು.

“ಏನ್ ಮಾಡೋದು ತಾತ, ರೈಲೂ ಇದನ್ನೇ ನಂಬುತ್ತೆ,” ಎಂದ ಅವನು.

ಮುಖ ಸಪ್ಪೆ ಮಾಡಿಕೊಂಡು ಮನೆಗೆ ಬಂದರೆ, ಅವರ ಕೋಣೆಯ ಬಾಗಿಲಲ್ಲಿ ಸೊಸೆ ನಿಂತಿದ್ದಳು, ಹಿಂದೆ ಒಲೆಮನೆಯವರೆಲ್ಲ.

“ಬೀಗದಕೈ ಕೊಡಲ್ಲ ಮಾವ. ಸೀದದ್ದು ನಮ್ಮ ತಪ್ಪಲ್ಲ. ಆ ತಗಡುಗಳು ಇಳಿಯೋವರೆಗೂ ಒಲೆ ಹಚ್ಚಲ್ಲ.”

ಅವರು ರೇಗಲಿಲ್ಲ. ಕುರ್ಚಿಯಲ್ಲಿ ಕುಸಿದು, “ಇದು ನಿಧಾನ ಅಂತ ನಿಮಗೆಲ್ಲ ಗೊತ್ತಿತ್ತಾ?” ಎಂದರು.

“ಗೇಟಿನ ಗಡಿಯಾರ ಬಿಟ್ಟಾಗ ಹೊರಗೆ ಬಂದು, ದಿನಾ ಬಸ್ಸು ತಪ್ಪಿ ನಡೆದು ಹೋಗೋರು ನಾವು. ಗೊತ್ತಿರಲ್ವಾ?” ಎಂದಳು ಬ್ರೆಡ್ಡಿನ ತಟ್ಟೆ ಹೊರುವ ಹಿರಿಯಾಕೆ.

“ಮತ್ತೆ ಯಾಕೆ ಹೇಳಲಿಲ್ಲ?”

ಆಕೆ ತಗಡಿನ ಕಡೆ ನೋಡಿದಳು. “ಯಜಮಾನ ತಪ್ಪಿದಾನೆ ಅಂತ ಗುಲಾಮನ ಕಡೆಯವರು ಹೇಳೋದುಂಟಾ?”

ಮಾವನವರು ಅಡಿಕೋಲು ತೆಗೆದುಕೊಂಡರು. ಅಭ್ಯಾಸಬಲದಿಂದ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಅವರು ಸ್ಟೂಲು ಹತ್ತಿ, ಕೋಲಿನ ತುದಿಯನ್ನು ತಗಡಿನ ಅಡಿ ತೂರಿಸಿ ಮೀಟಿದರು. ‘ಯಜಮಾನ’ ಠಣ್ಣೆಂದು ನೆಲಕ್ಕೆ ಬಿತ್ತು.

ಆಮೇಲೆ ದೊಡ್ಡ ಗಡಿಯಾರದ ಮುಳ್ಳಿನ ಮೇಲೆ ಬೆರಳಿಟ್ಟು ಸೊಸೆಯ ಕಡೆ ತಿರುಗಿದರು.

“ಈಗ ನಿಜವಾಗಿ ಗಂಟೆ ಎಷ್ಟಮ್ಮ?”