ಅರವತ್ತು ಲಕ್ಷದ ಕಣ

ಸುಗಲಮ್ಮ ಆಸ್ಪತ್ರೆಯ ನೆಲಮಾಳಿಗೆಯ ಬೆಂಚಿನಿಂದ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸಂಜೆಯ ರೈಲಿಗೆ ಯಾದಗಿರಿಗೆ ಹೋಗಿಬಿಡುತ್ತೇನೆ ಎಂಬ ಹಟ ಅವಳದು. ಗಂಟಲಲ್ಲಿ ಗಂಟು ಬೆಳೆದು ದನಿ ಒಡೆದಿತ್ತು. ಕಿರಣದ ಚಿಕಿತ್ಸೆ ಕೊಡಿಸದಿದ್ದರೆ ಬರುವ ಯುಗಾದಿಗೆ ಆಕೆ ಇರುವುದು ಕಷ್ಟವೆಂದು ಡಾಕ್ಟರು ಗಂಡ ಹಂಪಯ್ಯನಿಗೆ ಬಿಡಿಸಿ ಹೇಳಿದ್ದರು.

ಅವಳ ಧೈರ್ಯ ಕೆಡಿಸಿದ್ದು ಮಷೀನು ನಡೆಸುವವನ ಮಾತು. ಹೊಸ ಮಷೀನು, ಅರವತ್ತು ಲಕ್ಷ ವೋಲ್ಟು ಎಂದು ಅವನು ತೆಲುಗಿನಲ್ಲಿ ಹೆಮ್ಮೆಯಿಂದ ಹೇಳಿದ್ದ.

“ಬರೇ ನಾನೂರು ವೋಲ್ಟಿಗೆ ಹುಲಗೇಶ ಸ್ಲ್ಯಾಬಿನ ಮ್ಯಾಲೆ ಕರಕಾಗಿ ಬಿದ್ದ. ಅರವತ್ತು ಲಕ್ಷಕ್ಕ ನನ್ನ ಬೂದಿನಾದ್ರೂ ಸಿಗತೈತೇನು ನಿನಗ?” ಎಂದು ಗಂಡನನ್ನು ಕೇಳಿದಳು.

“ಮಂದಿ ಎಲ್ಲಾ ಮಲಗಿ ಎದ್ದು ಹೊಂಟೈತಿ. ನೀ ಒಬ್ಬಾಕಿ ಬೂದಿ ಆಗ್ತಿ” ಎಂದು ಹಂಪಯ್ಯ ಗೊಣಗಿದ.

ಹೈಟೆಕ್ ಸಿಟಿಯ ಸುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಇಬ್ಬರೂ ಅಲ್ಲಿ ಕಾಂಕ್ರೀಟು ಹೊರುತ್ತಿದ್ದರು. ಹುಲಗೇಶ ಅವರ ಜೋಡಿಯೇ ದುಡಿಯುತ್ತಿದ್ದವನು.

ಕನ್ನಡ ಕಿವಿಗೆ ಬಿದ್ದು ಲಹರಿ ಒಳಗಿನಿಂದ ಬಂದಳು. ಯಾರಿಗೆ ಎಷ್ಟು ಕಿರಣವೆಂದು ಲೆಕ್ಕ ಹಾಕುವ ಕೆಲಸ ಅವಳದು. ಅಪ್ಪ ಧಾರವಾಡದಿಂದ ಇಲ್ಲಿನ ರಕ್ಷಣಾ ಕಾರ್ಖಾನೆಗೆ ಬಂದವರು; ಮನೆಮಾತು ಇನ್ನೂ ಹಾಗೇ ಉಳಿದಿತ್ತು.

“ಅದು ತಂತಿ ಕರೆಂಟಿನ ಅಳತಿ ಅಲ್ರಿ ಅಮ್ಮಾರ. ಕಿರಣದ ಒಂದೊಂದು ಕಣ ಅಳಿಯೋ ಅಳತಿ. ಕೂದಲೆಳಿ ಇಟ್ಟು ಹೊಲ ಅಳದ್ರ ಲಕ್ಷ ಬರದ ಮತ್ತೇನ ಬರತೈತಿ?”

“ಹಂಗಾರ ನಮ್ಮ ಅಳತಿಗೆ ತಂದು ಹೇಳ್ರಿ.”

ಲಹರಿಯನ್ನು ಹಾಗೆ ಯಾರೂ ಕೇಳಿರಲಿಲ್ಲ. ಬೆಂಚಿನ ತುದಿಗೆ ಕುಳಿತು, ಕೈಲಿದ್ದ ಹಾಳೆಯ ಬೆನ್ನ ಮೇಲೆ ಸೊನ್ನೆಗಳನ್ನು ಬರೆಯುತ್ತ ಹೋದಳು. ಬರೆದದ್ದನ್ನು ಹೊಡೆದು ಹಾಕಿ ಮತ್ತೆ ಬರೆದಳು. ಉತ್ತರ ಸರಿಯೆಂದು ಅವಳಿಗೇ ನಂಬಿಕೆ ಬರಲಿಲ್ಲ.

“ಬುತ್ತಿಯೊಳಗ ಉಳ್ಳಾಗಡ್ಡಿ ಐತೇನ್ರಿ?”

ಹಂಪಯ್ಯ ರೊಟ್ಟಿಯ ಗಂಟು ಬಿಚ್ಚಿ ಒಂದು ಈರುಳ್ಳಿ ಕೊಟ್ಟ. ಲಹರಿ ಅದನ್ನು ನೆಲದ ಮೇಲಿಟ್ಟು, ಮೆಲ್ಲಗೆ ಸೊಂಟದವರೆಗೆ ಎತ್ತಿದಳು.

“ಇಷ್ಟೇ ನೋಡ್ರಿ. ಅಂಥಾ ಕಣ ಲಕ್ಷ ಕೋಟಿ ಕೂಡಿದ್ರ ಈ ಉಳ್ಳಾಗಡ್ಡಿ ಒಮ್ಮೆ ಎತ್ತೋವಷ್ಟು ಶಕ್ತಿ. ನಿಮ್ಮ ಗಂಟಲಿಗೆ ದಿನಕ್ಕ ಬೀಳೋದು ಹತ್ತತ್ರ ಇಷ್ಟು. ಏಳು ವಾರದ್ದು ಎಲ್ಲಾ ಕೂಡಿಸಿದ್ರೂ ನಿಮ್ಮ ಕಾಂಕ್ರೀಟಿನ ಬುಟ್ಟಿ ಮೊಣಕಾಲ ಮಟಾ ಏರಂಗಿಲ್ಲ.”

ಸುಗಲಮ್ಮ ಉಳ್ಳಾಗಡ್ಡಿಯನ್ನು ನೋಡಿದಳು, ಲಹರಿಯ ಮುಖವನ್ನು ನೋಡಿದಳು. ಅವಳ ಹೆದರಿಕೆ ಇಳಿದ ಜಾಗದಲ್ಲಿ ಸಿಟ್ಟು ಏರಿತು.

“ಉಳ್ಳಾಗಡ್ಡಿ ಎತ್ತೋ ಶಕ್ತಿಗೆ ಈ ಗಂಟು ಸಾಯ್ತೈತಿ? ಮಕ್ಕಳಿಗೆ ಹೇಳ್ರಿ ಇದನ್ನ. ನಡಿಯೋ, ರೈಲು ಹೋಗತೈತಿ.”

ಹಂಪಯ್ಯ ತಲೆಗೆ ಕೈ ಹಚ್ಚಿದ. “ಹೆಚ್ಚಾದ್ರ ಅಂಜ್ತಿ, ಕಡಿಮಿ ಆದ್ರ ಜಗಳಾ ತೆಗೀತಿ. ನಿನಗ ಎಷ್ಟರ ಬೇಕು?”

ಲಹರಿಗೆ ನಗು ಬಂತು, ಆದರೆ ನಗಲಿಲ್ಲ. ಆಕೆಯ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

“ಅಮ್ಮಾರ, ಬುಟ್ಟಿಗಟ್ಟಲೆ ಉಸುಕು ತಲಿಮ್ಯಾಲೆ ಹೊರ್ತೀರಿ. ಏನಾಗತೈತಿ?”

“ಏನಾಗತೈತಿ? ಕುತ್ತಿಗಿ ನೋಯತೈತಿ.”

“ಅದರಾಗಿನ ಒಂದು ಹಳಕು ಕಣ್ಣಾಗ ಬಿದ್ರ?”

ಸುಗಲಮ್ಮ ಮತ್ತೆ ಬೆಂಚಿಗೆ ಕುಳಿತಳು.

“ಗಂಟಿನೊಳಗ ಜೀವದ ಎಳಿ ಇರತಾವು, ಕಣ್ಣಿಗೆ ಕಾಣಂಗಿಲ್ಲ. ಅವು ಹರಿದ್ರ ಗಂಟು ಸಾಯ್ತೈತಿ. ಒಂದು ಎಳಿ ಹರಿಯಾಕ ಆ ಸಣ್ಣ ಅಳತಿಯೊಳಗ ಹತ್ತಿಪ್ಪತ್ತು ಸಾಕು. ಒಂದೊಂದು ಕಣದ ಹತ್ರ ಅರವತ್ತು ಲಕ್ಷದ ತನಕ ಇರತೈತಿ. ಅಂಥಾವು ಲಕ್ಷ ಕೋಟಿ...”

ಹೇಳುತ್ತ ಹೇಳುತ್ತ ಲಹರಿಯ ಮಾತು ನಿಂತುಹೋಯಿತು. ಇಷ್ಟು ವರ್ಷ ಕಿರಣದ ಲೆಕ್ಕಕ್ಕೆ ಪರದೆಯ ಮೇಲೆ ಒತ್ತುತ್ತಿದ್ದ ಸಣ್ಣ ಅಂಕಿ ಇದೇ ಆಗಿತ್ತು. ಒಂದು ಕಡೆಯಿಂದ ನೋಡಿದರೆ ಉಳ್ಳಾಗಡ್ಡಿ ಎತ್ತುವಷ್ಟು; ಇನ್ನೊಂದು ಕಡೆಯಿಂದ ನೋಡಿದರೆ ಎಣಿಸಲು ಊರಿನ ಜನವೆಲ್ಲ ಕೂತರೂ ಜನ್ಮ ಸಾಲದಷ್ಟು. ಎರಡೂ ಒಂದೇ.

ಸುಗಲಮ್ಮ ಕತ್ತನ್ನು ಮುಟ್ಟಿಕೊಂಡಳು. ಅಲ್ಲಿ ಎಣಿಸಲಾಗದಷ್ಟು ಎಳೆಗಳಿವೆ ಎಂಬುದು ಆಕೆಗೆ ಗೊತ್ತಾದದ್ದು ಅವತ್ತೇ ಮೊದಲು.

“ಇಷ್ಟೆಲ್ಲಾ ನನ್ನೊಳಗ ಐತೇನಬೆ?” ಎಂದಳು. ‘ರಿ’ ಎನ್ನುವುದನ್ನು ಮರೆತಿದ್ದಳು.

“ಐತ್ರಿ. ಎಲ್ಲಾರೊಳಗೂ.”

ಸುಗಲಮ್ಮ ತಾನೇ ಎದ್ದು ಒಳಕ್ಕೆ ನಡೆದಳು. ತಲೆ ಅಲುಗದಂತೆ ಮುಖಕ್ಕೆ ಜಾಲರಿ ಬಿಗಿದರು. ಅಂಜಿಕೆಯಾದರೆ ಕೈ ಎತ್ತಿರಿ, ತಕ್ಷಣ ನಿಲ್ಲಿಸುತ್ತೇನೆ ಎಂದು ಹೇಳಿ ಲಹರಿ ಹೊರಬಂದಳು. ದಪ್ಪ ಬಾಗಿಲು ಮುಚ್ಚಿತು. ಪರದೆಯಲ್ಲಿ ಅಂಕಿ ಏರತೊಡಗಿತು. ಹಂಪಯ್ಯ ಲಹರಿಯ ಹಿಂದೆ ನಿಂತು, ಕ್ಯಾಮೆರಾದಲ್ಲಿ ಕಾಣುವ ಹೆಂಡತಿಯ ಕೈಯನ್ನೇ ನೋಡುತ್ತಿದ್ದ.

ಸಿಮೆಂಟು ತಿಂದು ಒರಟಾದ ಆ ಕೈ ಮಗ್ಗುಲಲ್ಲಿ ಬಿಚ್ಚಿಕೊಂಡು, ಕದಲದೆ ಮಲಗಿತ್ತು.